ತೇಗದ ಅಕ್ಕ, ಓಕ್ ತಂಗಿ: ಎರಡು ಲೀಡಾ ಹಡಗುಗಳನ್ನು ನೋಡುವ ಬಗೆ

ಇಂಗ್ಲೆಂಡಿಗೆ ಬಂದ ನಮ್ಮವರಿಗೆ ಹಳೇ ಕಾಲದ ಯುದ್ಧನೌಕೆ ನೋಡಬೇಕು ಅನಿಸಿದರೆ ಸೀದಾ ಪೋರ್ಟ್ಸ್‌ಮತ್‌ಗೆ ಹೋಗುತ್ತಾರೆ. ಅಲ್ಲಿ ನೆಲ್ಸನ್ನನ ವಿಕ್ಟರಿ ಇದೆ. ದೊಡ್ಡ ಹಡಗು, ದೊಡ್ಡ ಹೆಸರು. ಹೋಗಬೇಡಿ ಅನ್ನುವುದಿಲ್ಲ. ಆದರೆ ನನ್ನನ್ನು ಕೇಳಿದರೆ ಉತ್ತರಕ್ಕೆ ಬನ್ನಿ ಅಂತೀನಿ. ಹಾರ್ಟ್ಲ್‌ಪೂಲ್ ಊರಲ್ಲಿ ಟ್ರಿಂಕೋಮಲೀ ನೋಡಿ, ಆಮೇಲೆ ಸ್ಕಾಟ್ಲೆಂಡಿನ ಡಂಡಿಯಲ್ಲಿ ಯೂನಿಕಾರ್ನ್ ನೋಡಿ. ಎರಡೂ ಲೀಡಾ ವರ್ಗದ ಫ್ರಿಗೇಟ್‌ಗಳು, ಒಂದೇ ನಕ್ಷೆಯ ಕುಟುಂಬ. ಒಂದನ್ನು ಮುಂಬಯಿಯಲ್ಲಿ ತೇಗದಿಂದ ಕಟ್ಟಿದರು, ಇನ್ನೊಂದನ್ನು ಇಂಗ್ಲೆಂಡಿನ ಚಾಥಮ್‌ನಲ್ಲಿ ಓಕ್‌ನಿಂದ. ಆ ವರ್ಗದಲ್ಲಿ ನಲವತ್ತಕ್ಕೂ ಹೆಚ್ಚು ಹಡಗುಗಳಿದ್ದವು. ಈಗ ಉಳಿದಿರುವುದು ಇವೆರಡೇ.

ನಾನು ಹುಟ್ಟಿದ್ದು ದಾಂಡೇಲಿಯಲ್ಲಿ. ನನ್ನ ಸೋದರಮಾವ ಅಲ್ಲಿ ಸಾ ಮಿಲ್ ನಡೆಸುತ್ತಿದ್ದರು. ಈಗ ಮಿಡಲ್ಸ್‌ಬರೋದಲ್ಲಿ ನರ್ಸ್ ಕೆಲಸ. ಹಾರ್ಟ್ಲ್‌ಪೂಲ್ ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ. ಹಾಗಾಗಿ ಮನೆಗೆ ಬಂದ ನೆಂಟರನ್ನು ಕರೆದುಕೊಂಡು ಹೋಗೋ ಕೆಲಸ ನನ್ನದೇ. ಈ ಹಡಗುಗಳನ್ನು ಹೇಗೆ ನೋಡಬೇಕು ಅನ್ನೋದರಲ್ಲಿ ನನಗೆ ಒಂದು ಹಟ ಇದೆ: ಮೊದಲು ಮರ ನೋಡಿ, ತೋಪು ಆಮೇಲೆ. ತೋಪು ಎಲ್ಲಾ ಕೋಟೆಯಲ್ಲೂ ಸಿಗುತ್ತದೆ. ಇನ್ನೂರು ವರ್ಷದ ತೇಗದ ತೊಲೆ ನೀರಿನ ಮೇಲೆ ನಿಂತಿರುವುದು ಎಲ್ಲಿ ಸಿಗುತ್ತದೆ?

ಹೊರಡುವ ಮೊದಲು ತಿಳಿದಿರಬೇಕಾದ್ದು

ಫ್ರಿಗೇಟ್ ಅಂದರೆ ದೊಡ್ಡ ಕದನಕ್ಕೆ ಸಾಲಾಗಿ ನಿಲ್ಲುವ ಹಡಗಲ್ಲ. ವೇಗದ ಹಡಗು. ಶತ್ರು ಎಲ್ಲಿದ್ದಾನೆ ಅಂತ ಹುಡುಕುವುದು, ವ್ಯಾಪಾರಿ ಹಡಗುಗಳಿಗೆ ಕಾವಲು ಹೋಗುವುದು, ಒಂಟಿಯಾಗಿ ಸಿಕ್ಕ ಶತ್ರು ಹಡಗನ್ನು ಹಿಡಿಯುವುದು ಇದರ ಕೆಲಸ. ಮೈಕಟ್ಟಿನಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ. ಮುಖ್ಯ ತೋಪುಗಳೆಲ್ಲ ಒಂದೇ ಡೆಕ್ ಮೇಲೆ, ಅಂದರೆ ಹಡಗಿನ ಒಂದೇ ಅಂತಸ್ತಿನ ಮೇಲೆ ಇರುತ್ತವೆ. ಅದರ ಕೆಳಗೆ ಇನ್ನೊಂದು ಪೂರ್ತಿ ಡೆಕ್ ಇದೆ, ಅಲ್ಲಿ ತೋಪೇ ಇಲ್ಲ. ಅಲ್ಲಿ ಜನ ಉಣ್ಣುತ್ತಾರೆ, ಮಲಗುತ್ತಾರೆ. ಇದರಿಂದ ತೋಪಿನ ಕಿಂಡಿಗಳು ನೀರಿನಿಂದ ಸಾಕಷ್ಟು ಮೇಲೆ ಬರುತ್ತವೆ. ಸಮುದ್ರ ಜೋರಾಗಿದ್ದರೆ ದೊಡ್ಡ ಹಡಗುಗಳು ಕೆಳಗಿನ ಕಿಂಡಿ ಮುಚ್ಚಬೇಕಾಗುತ್ತಿತ್ತು, ಇಲ್ಲದಿದ್ದರೆ ನೀರು ಒಳಗೆ ನುಗ್ಗುತ್ತಿತ್ತು. ಫ್ರಿಗೇಟ್‌ಗೆ ಆ ತಾಪತ್ರಯ ಇರಲಿಲ್ಲ.

ಈ ನಕ್ಷೆ ಬ್ರಿಟಿಷರದ್ದಲ್ಲ, ಫ್ರೆಂಚರದ್ದು. 1782ರಲ್ಲಿ ಎಬೆ ಅನ್ನುವ ಫ್ರೆಂಚ್ ಫ್ರಿಗೇಟ್ ಬ್ರಿಟಿಷರ ಕೈಗೆ ಸಿಕ್ಕಿತು. ಅದನ್ನು ರೂಪಿಸಿದವನು ಝಾಕ್ ನೋಯೆಲ್ ಸಾನೆ, ಆ ಕಾಲದ ಫ್ರಾನ್ಸಿನ ದೊಡ್ಡ ಹಡಗು ವಿನ್ಯಾಸಕಾರ. ಬ್ರಿಟಿಷರು ಹಡಗಿನ ಅಳತೆ ತೆಗೆದರು, ಅದನ್ನೇ ಇಟ್ಟುಕೊಂಡು ತಮ್ಮದೊಂದನ್ನು ಕಟ್ಟಿದರು. 1800ರಲ್ಲಿ ಚಾಥಮ್‌ನಲ್ಲಿ ನೀರಿಗಿಳಿದ ಆ ಮೊದಲ ಹಡಗೇ ಲೀಡಾ. ಎಂಟೇ ವರ್ಷಕ್ಕೆ ವೇಲ್ಸ್‌ನ ಮಿಲ್ಫರ್ಡ್ ಹೇವನ್ ಹತ್ತಿರ ಒಡೆದುಹೋಯಿತು. ಆದರೆ ನಕ್ಷೆ ಉಳಿಯಿತು. ಮೂವತ್ತು ವರ್ಷದವರೆಗೂ ಅದರ ಮೇಲೆ ಹಡಗು ಕಟ್ಟುತ್ತಲೇ ಇದ್ದರು, ನಡುನಡುವೆ ಸ್ವಲ್ಪ ತಿದ್ದುತ್ತಾ. ಶತ್ರುವಿನ ಸರಕು ಚೆನ್ನಾಗಿದ್ದರೆ ಅದನ್ನೇ ಬಳಸೋದರಲ್ಲಿ ಇವರಿಗೆ ನಾಚಿಕೆ ಇರಲಿಲ್ಲ.

ಇನ್ನು ತೋಪಿನ ಲೆಕ್ಕ. ಒಂದು ಕಡೆ 38 ತೋಪಿನ ಹಡಗು ಅಂತ ಬರೆದಿರುತ್ತಾರೆ, ಇನ್ನೊಂದು ಕಡೆ 46 ಅಂತ. ಎರಡೂ ಸರಿಯೇ. ಕ್ಯಾರನೇಡ್ ಅನ್ನುವ ಗಿಡ್ಡ ತೋಪು ಆಗ ಹೊಸದು. ಸ್ಕಾಟ್ಲೆಂಡಿನ ಫಾಲ್ಕರ್ಕ್ ಹತ್ತಿರದ ಕ್ಯಾರನ್ ಕಾರ್ಖಾನೆಯಲ್ಲಿ ಮಾಡುತ್ತಿದ್ದರು. ತೂಕ ಕಮ್ಮಿ, ಗುಂಡು ದೊಡ್ಡದು, ದೂರ ಹೋಗುವುದಿಲ್ಲ, ಹತ್ತಿರ ಬಂದರೆ ಭಯಂಕರ. ಹಡಗಿನ ದರ್ಜೆ ಹೇಳುವಾಗ ಇವನ್ನು ಪೂರ್ತಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 1817ರಲ್ಲಿ ನಿಯಮ ಬದಲಾಯಿತು, ಎಲ್ಲವನ್ನೂ ಎಣಿಸಿ ಅಂದರು. ಒಂದೇ ಒಂದು ತೋಪು ಸೇರಿಸದೆ 38ರ ಹಡಗು 46ರದ್ದಾಯಿತು. ಗೈಡ್ ಯಾವ ಅಂಕಿ ಹೇಳಿದರೂ ವಾದ ಮಾಡಬೇಡಿ.

ಮುಖ್ಯ ಡೆಕ್ಕಿನ ಲೆಕ್ಕ ಮಾತ್ರ ಸರಳ. 18 ಪೌಂಡಿನ ತೋಪು 28. ಒಂದು ಬದಿಗೆ 14. ಗುಂಡಿನ ತೂಕ ಸುಮಾರು ಎಂಟು ಕಿಲೋ, ತೋಪಿನ ತೂಕ ಎರಡು ಟನ್ ಹತ್ತಿರ.

ಹಾರ್ಟ್ಲ್‌ಪೂಲ್ ಮೊದಲು, ಡಂಡಿ ಆಮೇಲೆ

ಈ ಕ್ರಮ ತಪ್ಪಿಸಬೇಡಿ. ಟ್ರಿಂಕೋಮಲೀಗೆ ಹಾಯಿ ಕಂಬ, ಹಗ್ಗ, ಬಣ್ಣ ಎಲ್ಲಾ ಇದೆ. ಪೂರ್ತಿ ಹಡಗು ಹೇಗಿರುತ್ತದೆ ಅಂತ ಕಣ್ಣಿಗೆ ಸಿಗುತ್ತದೆ. ಅದನ್ನು ನೋಡಿಕೊಂಡು ಡಂಡಿಗೆ ಹೋದರೆ ಯೂನಿಕಾರ್ನ್‌ನಲ್ಲಿ ಏನಿಲ್ಲ, ಯಾಕಿಲ್ಲ ಅಂತ ಹೊಳೆಯುತ್ತದೆ. ಉಲ್ಟಾ ಹೋದವರು ಡಂಡಿಯಲ್ಲಿ "ಇದೇನು, ಹಡಗಿನ ಮೇಲೆ ಗೋಡೌನ್ ಚಾವಣಿ ಹಾಕಿದ್ದಾರಲ್ಲ" ಅಂತ ಬೇಜಾರಾಗಿ ಬಂದದ್ದನ್ನು ನೋಡಿದ್ದೇನೆ.

ಲಂಡನ್ನಿಂದ ಬರುವವರಿಗೆ ಕಿಂಗ್ಸ್ ಕ್ರಾಸ್‌ನಿಂದ ಸಂಡರ್‌ಲ್ಯಾಂಡ್ ಕಡೆ ಹೋಗುವ ಗ್ರ್ಯಾಂಡ್ ಸೆಂಟ್ರಲ್ ರೈಲು ಹಾರ್ಟ್ಲ್‌ಪೂಲ್‌ನಲ್ಲೇ ನಿಲ್ಲುತ್ತದೆ. ನ್ಯೂಕಾಸಲ್ ಕಡೆಯಿಂದ ಬಂದರೆ ಕಡಲ ದಂಡೆಯ ಲೈನ್. ಸ್ಟೇಷನ್ನಿಂದ ನಡೆದೇ ಹೋಗಬಹುದು. ಹಡಗಿನ ಕಂಬಗಳು ದೂರದಿಂದಲೇ ಕಾಣುತ್ತವೆ. ದಾರಿಯಲ್ಲಿ ಎಲ್ಲಾದರೂ ಮಂಗನ ಗೊಂಬೆ ಕಂಡರೆ ಕಾರಣ ಇಷ್ಟು: ನೆಪೋಲಿಯನ್ ಯುದ್ಧದ ಕಾಲದಲ್ಲಿ ಒಡೆದ ಹಡಗಿನಿಂದ ದಡಕ್ಕೆ ಬಂದ ಮಂಗವನ್ನು ಫ್ರೆಂಚ್ ಗೂಢಚಾರ ಅಂತ ಈ ಊರವರು ನೇಣಿಗೆ ಹಾಕಿದರು ಅಂತ ಒಂದು ದಂತಕಥೆ ಇದೆ. ಅಕ್ಕಪಕ್ಕದ ಊರವರು ಇವತ್ತಿಗೂ ಅದನ್ನೇ ಹಿಡಿದು ಕೀಟಲೆ ಮಾಡುತ್ತಾರೆ.

ಹಡಗು ಇರುವುದು ಒಂದು ಮ್ಯೂಸಿಯಂನಲ್ಲಿ. ಅದರೊಳಗೆ ಹಳೇ ಬಂದರಿನ ಬೀದಿಯೊಂದನ್ನು ಕಟ್ಟಿದ್ದಾರೆ. ಅಂಗಡಿ, ಮನೆ, ಎಲ್ಲಾ ಆ ಕಾಲದ ಹಾಗೆ. ಮಕ್ಕಳಿದ್ದರೆ ಅಲ್ಲಿ ಬಿಟ್ಟುಬಿಡಿ, ಅವರಿಗೆ ಅದು ಸಾಕು. ನೀವು ಮಾತ್ರ ಹಡಗು ಹತ್ತುವ ಮೊದಲು ಮೂತಿಯ ಎದುರು ಹೋಗಿ ನಿಲ್ಲಿ. ಅಲ್ಲಿ ರುಮಾಲು ಸುತ್ತಿದ ಗಂಡಸಿನ ಮುಖ ಇದೆ. ಮರದಲ್ಲಿ ಕೆತ್ತಿ ಬಣ್ಣ ಬಳಿದದ್ದು. ಹಡಗಿಗೆ ಹೆಸರು ಶ್ರೀಲಂಕಾದ ಬಂದರಿನದು, ಮೈ ಮುಂಬಯಿಯದು, ಮುಖಕ್ಕೆ ರುಮಾಲು. ನಮ್ಮ ಮಾಮಾ ಅದನ್ನು ನೋಡಿ, "ಇಂವಾ ನಮ್ಮ ಕಡೀಯಾಂವನ ಇದ್ದಂಗ ಇದ್ದಾನಲ್ಲೋ" ಅಂದರು.

ಆಮೇಲೆ ಬದಿಗೆ ಬನ್ನಿ. ತೋಪಿನ ಕಿಂಡಿ ಎಣಿಸಿ ನಾನು ಹೇಳಿದ 14 ಬರಲಿಲ್ಲ ಅಂದರೆ ಗಾಬರಿ ಬೇಡ. 1845ರಲ್ಲಿ ಈ ಹಡಗಿನ ತೋಪು ಕಡಿಮೆ ಮಾಡಿ 26 ತೋಪಿನ ಕಾರ್ವೆಟ್ (ಫ್ರಿಗೇಟ್‌ಗಿಂತ ಕೆಳಗಿನ ದರ್ಜೆ) ಅಂತ ಇಳಿಸಿದರು. ಹಿಂಬದಿಯನ್ನೂ ಆಗಲೇ ದುಂಡಗೆ ಬದಲಿಸಿದರು. ಅಂದರೆ ನೀವು ನೋಡುತ್ತಿರುವ ಹಡಗು 1817ರದ್ದೂ ಹೌದು, 1845ರದ್ದೂ ಹೌದು, 1990ರ ನಂತರದ ರಿಪೇರಿಯದ್ದೂ ಹೌದು. ಯಾವುದು ಯಾವ ಕಾಲದ್ದು ಅಂತ ಗೈಡ್‌ಗೆ ಕೇಳಿ. ಇಲ್ಲಿನ ಗೈಡ್‌ಗಳು ಈ ಪ್ರಶ್ನೆಗೆ ಖುಷಿಯಾಗಿ ಉತ್ತರ ಕೊಡುತ್ತಾರೆ. ಟಾಯ್ಲೆಟ್ ಎಲ್ಲಿ ಅನ್ನೋ ಪ್ರಶ್ನೆ ಕೇಳಿ ಕೇಳಿ ಸಾಕಾಗಿರುತ್ತದೆ ಅವರಿಗೆ.

ಮರವನ್ನು ನೋಡುವುದು ಹೇಗೆ

ಹಡಗು ಹತ್ತಿದವರು ಮೇಲಿನ ಡೆಕ್ಕಿನಲ್ಲೇ ಫೋಟೋ ತೆಗೆಯುತ್ತಾ ಹೊತ್ತು ಕಳೆಯುತ್ತಾರೆ. ಮೇಲಿನದು ಹೆಚ್ಚಾಗಿ ಹೊಸ ಮರ. ಅದರಲ್ಲಿ ಆಶ್ಚರ್ಯ ಇಲ್ಲ. ಮರದ ಹಡಗಿಗೆ ಶತ್ರು ಸಮುದ್ರದ ನೀರಲ್ಲ, ಮಳೆನೀರು. ಉಪ್ಪು ನೀರು ಮರವನ್ನು ಕಾಯುತ್ತದೆ, ಸಿಹಿ ನೀರು ಮೇಲಿನಿಂದ ಸಂದಿಗೆ ಇಳಿದು ಕೊಳೆಸುತ್ತದೆ. ಹಾಗಾಗಿ ಕೆಳಗೆ ಇಳಿದಷ್ಟೂ ಹಳೇ ಮರ ಸಿಗುವ ಸಾಧ್ಯತೆ ಜಾಸ್ತಿ. ಟ್ರಿಂಕೋಮಲೀಯ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಮರ ಮೊದಲು ಕಟ್ಟಿದಾಗಿನದೇ ಉಳಿದಿದೆ. ಅದನ್ನು ನೋಡಬೇಕಾದರೆ ಮೆಟ್ಟಿಲು ಇಳಿಯಲೇಬೇಕು.

ಮೊಬೈಲ್ ಟಾರ್ಚ್ ಹಚ್ಚಿಕೊಳ್ಳಿ. ತೊಲೆಗೆ ನೇರ ಬೆಳಕು ಹಾಕಬೇಡಿ, ಬದಿಯಿಂದ ಓರೆಯಾಗಿ ಹಾಕಿ. ಆಗ ಎಳೆ ಎದ್ದು ಕಾಣುತ್ತದೆ, ಬಾಚಿಯ ಏಟು ಬಿದ್ದ ಗುರುತೂ ಕಾಣುತ್ತದೆ. ಬಣ್ಣ ಬಳಿದ ಕಡೆ ಸುಮ್ನೆ ಮುಂದೆ ಹೋಗಿ. ಬಣ್ಣ ಇಲ್ಲದ ಕಡೆ ನಿಂತು ನೋಡಿ: ಸೀಳು ಎಷ್ಟಿದೆ, ಮೊಳೆ ಬಡಿದ ಜಾಗದ ಸುತ್ತ ಮರ ಕಪ್ಪಾಗಿದೆಯಾ, ಕೊಳೆತು ಟೊಳ್ಳಾಗಿದೆಯಾ. ಓಕ್ ಮರದಲ್ಲಿ ಒಂದು ಹುಳಿ ಇರುತ್ತದೆ, ಅದು ಕಬ್ಬಿಣವನ್ನು ತಿನ್ನುತ್ತದೆ. ತುಕ್ಕು ತಿರುಗಿ ಮರವನ್ನು ತಿನ್ನುತ್ತದೆ. ತೇಗದಲ್ಲಿ ಎಣ್ಣೆಯ ಅಂಶ ಇದೆ, ಕಬ್ಬಿಣಕ್ಕೂ ಅದಕ್ಕೂ ಜಗಳ ಕಮ್ಮಿ. ಬೊಂಬಾಯಿ ಹಡಗುಗಳು ಅಷ್ಟು ವರ್ಷ ಬಾಳಲು ಇದೂ ಒಂದು ಕಾರಣ.

ಮುಟ್ಟಬಹುದಾ ಅಂತ ಕೇಳಿಯೇ ಮುಟ್ಟಿ. ಮಾಮಾಗೆ ಅಷ್ಟೆಲ್ಲ ತಾಳ್ಮೆ ಇರಲಿಲ್ಲ. ಕೆಳಗೆ ಇಳಿದವರೇ ಗೆಣ್ಣಿನಿಂದ ತೊಲೆಗೆ ಟಕ್ ಟಕ್ ಅಂತ ಬಡಿದು, ಕಿವಿ ಇಟ್ಟು, "ಇದು ಸಾಗವಾನಿ ಅಲ್ಲಾಂದ್ರ ನನ್ನ ಹೆಸರ ಬದಲ್ ಮಾಡವಾ" ಅಂದರು. ಪಕ್ಕದಲ್ಲಿದ್ದ ಗೈಡ್ ಏನಂತೆ ಅಂತ ಕೇಳಿದ. ಹೇಳಿದೆ. ಮುಂದಿನ ಅರ್ಧ ಗಂಟೆ ಅವರಿಬ್ಬರೂ ನನ್ನನ್ನು ದುಭಾಷಿ ಮಾಡಿಕೊಂಡು ಮರದ ಸೀಸನಿಂಗ್ ಬಗ್ಗೆ ಮಾತಾಡಿದರು.

ಒಂದು ಎಚ್ಚರಿಕೆ. ಮಲಬಾರ್ ತೇಗ ಅಂತ ಓದಿದ ಕೂಡಲೇ "ಇದು ನಮ್ಮ ಕಾಡಿನ ಮರ" ಅಂತ ಹೇಳುವ ಚಪಲ ನಮ್ಮವರಿಗೆ ಇದೆ. ಮಲಬಾರ್ ಅಂದರೆ ಮುಖ್ಯವಾಗಿ ಈಗಿನ ಕೇರಳದ ಕಡೆ. ಕೆನರಾ ಕಾಡಿನ ತೇಗವೂ ಮುಂಬಯಿಗೆ ಹೋಗುತ್ತಿತ್ತು, ನಿಜ. ಆದರೆ ಈ ತೊಲೆ ದಾಂಡೇಲಿಯದು ಅಂತ ಯಾವ ತೊಲೆಯ ಮೇಲೂ ಬರೆದಿಲ್ಲ. ಹೇಳಬೇಕಾದ ನಿಜವಾದ ಕತೆ ಬೇರೆಯೇ ಇದೆ. ಹಡಗಿಗೆ ತೇಗ ಸಾಲದು ಅಂತ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬುವನನ್ನು ಮಲಬಾರಿನ ಕಾಡುಗಳ ಮೇಲ್ವಿಚಾರಕನಾಗಿ ನೇಮಿಸಿದರು. ತೇಗ ಕಡಿಯುವ ಹಕ್ಕೆಲ್ಲ ಸರ್ಕಾರದ್ದೇ ಅಂದರು. ಕಾಡಿನ ಮಾಲೀಕರು, ವ್ಯಾಪಾರಿಗಳು, ರೈತರು ಎಲ್ಲರೂ ಸಿಟ್ಟಾದರು. ಕೊನೆಗೆ 1823ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದ. ಟ್ರಿಂಕೋಮಲೀಯನ್ನು ಕಟ್ಟಿದ್ದು ಸರಿಯಾಗಿ ಈ ಎರಡು ವರ್ಷಗಳ ನಡುವೆ. ಹಡಗಿನ ತಳದಲ್ಲಿ ನಿಂತಾಗ ನನಗೆ ನೆಪೋಲಿಯನ್‌ಗಿಂತ ಹೆಚ್ಚು ನೆನಪಾಗೋದು ಆ ಕಾಡಿನವರ ಜಗಳ.

ನಿಂತಲ್ಲೇ ಹೇಳಬಹುದಾದ ಕತೆ

ನೆಂಟರ ಜೊತೆ ಹೋದರೆ ಕತೆ ಹೇಳಲೇಬೇಕಲ್ವಾ? ತೋಪಿನ ಡೆಕ್ ಮೇಲೆ ನಿಲ್ಲಿಸಿಕೊಂಡು ಇದನ್ನು ಹೇಳಿ.

ಹಡಗು ಕಟ್ಟಲು ಆದೇಶ ಬಂದದ್ದು 1812ರಲ್ಲಿ. ಬ್ರಿಟನ್ ಆಗ ಫ್ರಾನ್ಸಿನ ಜೊತೆ ಯುದ್ಧದಲ್ಲಿತ್ತು, ಅದೇ ವರ್ಷ ಅಮೆರಿಕದ ಜೊತೆಗೂ ಶುರುವಾಗಿತ್ತು. ಒಳ್ಳೆ ಓಕ್ ಸಿಗುತ್ತಿರಲಿಲ್ಲ. ಅವಸರಕ್ಕೆ ಇದೇ ಲೀಡಾ ನಕ್ಷೆಯ ಕೆಲವು ಹಡಗುಗಳನ್ನು ಪೈನ್‌ನಂಥ ಮೆತ್ತನೆ ಮರದಲ್ಲಿ ಕಟ್ಟಿದರು. ಸಿಡ್ನಸ್ ಅಂಥದ್ದೊಂದು. ಅಂಥವು ಹತ್ತು ವರ್ಷ ಕೂಡ ಬಾಳಲಿಲ್ಲ. ಮುಂಬಯಿಯಲ್ಲಿ ತೇಗ ಇತ್ತು, ಜೊತೆಗೆ ವಾಡಿಯಾ ಮನೆತನ ಇತ್ತು. ಸೂರತ್‌ನಿಂದ ಬಂದ ಪಾರ್ಸಿಗಳು. 1736ರಿಂದ ಅಲ್ಲಿನ ಹಡಗುಕಟ್ಟೆ ಅವರ ಕೈಯಲ್ಲೇ ಇತ್ತು. ಕೆಲಸ ಜಮ್ಶೆಟ್‌ಜಿ ಬೊಮಾನ್‌ಜಿ ವಾಡಿಯಾಗೆ ಬಂತು.

ಆದರೆ ನಕ್ಷೆ ಬರಲಿಲ್ಲ. ನಕ್ಷೆ ಹೊತ್ತು ಹೊರಟ ಜಾವಾ ಅನ್ನುವ ಫ್ರಿಗೇಟ್‌ಗೆ 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯ ಹತ್ತಿರ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಎದುರಾಯಿತು. ಜಾವಾ ಸೋತಿತು. ಮುಂಬಯಿಯ ಹಡಗುಗಳಿಗೆ ಅಂತ ತರುತ್ತಿದ್ದ ತಾಮ್ರವೂ ಹೋಯಿತು, ನಕ್ಷೆಯೂ ಹೋಯಿತು. ಇನ್ನೊಂದು ಪ್ರತಿ ಕಳಿಸಿ, ಅದು ಬಂದು, ಕೆಲಸ ಶುರುವಾಗುವಷ್ಟರಲ್ಲಿ 1816 ಆಗಿತ್ತು. ನೆಪೋಲಿಯನ್ ಕೊನೆಯದಾಗಿ ಸೋತ ವಾಟರ್‌ಲೂ ಕದನ ಮುಗಿದು ವರ್ಷ ಹತ್ತಿರ. ಯುದ್ಧಕ್ಕೆ ಅಂತ ಹೇಳಿಸಿದ ಹಡಗು, ಕಟ್ಟುವಾಗ ಯುದ್ಧವೇ ಇಲ್ಲ! ಕಾನ್‌ಸ್ಟಿಟ್ಯೂಷನ್ ಇವತ್ತಿಗೂ ಬಾಸ್ಟನ್‌ನಲ್ಲಿ ತೇಲುತ್ತಿದೆ. ಆ ಕಡೆ ಇರುವ ನಮ್ಮವರು ಹೋದರೆ ಈ ಕತೆಯ ಇನ್ನೊಂದು ತುದಿ ನೋಡಿದ ಹಾಗಾಗುತ್ತದೆ.

ಹಡಗಿನ ಅಡಿಮರ ಇಡುವಾಗ ಪಾರ್ಸಿ ಪದ್ಧತಿಯಂತೆ ಅದಕ್ಕೆ ಬೆಳ್ಳಿಯ ಮೊಳೆ ಬಡಿದರು. ನಮ್ಮಲ್ಲಿ ಹೊಸ ಮನೆಗೆ ಬಾಗಿಲು ನಿಲ್ಲಿಸುವಾಗ ಹೊಸಿಲ ಕೆಳಗೆ ನವರತ್ನ, ನಾಣ್ಯ ಇಡುತ್ತೇವಲ್ಲ, ಹಾಗೆ. 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. 1819ರಲ್ಲಿ ಪೋರ್ಟ್ಸ್‌ಮತ್ ತಲುಪಿತು. ತಲುಪಿ ಏನು ಮಾಡಿತು? ಏನೂ ಇಲ್ಲ. ಇಪ್ಪತ್ತೈದು ವರ್ಷ ಮೀಸಲು ಅಂತ ಕಟ್ಟಿಹಾಕಿದರು. 1847ರಲ್ಲಿ ಕೆಲಸಕ್ಕೆ ಹೊರಟಿತು, ಮೊದಲು ವೆಸ್ಟ್ ಇಂಡೀಸ್ ಕಡೆ, ಆಮೇಲೆ ಪೆಸಿಫಿಕ್ ಸಾಗರಕ್ಕೆ. ವಾಪಸ್ ಬಂದ ಮೇಲೆ ತರಬೇತಿ ಹಡಗಾಯಿತು. 1897ರಲ್ಲಿ ವೀಟ್ಲಿ ಕಾಬ್ ಅನ್ನುವ ಶ್ರೀಮಂತ ಕೊಂಡುಕೊಂಡು ಫುದ್ರಾಯಾಂ ಅಂತ ಹೆಸರಿಟ್ಟ. ಅವನದೇ ಆ ಹೆಸರಿನ ಹಡಗು ಅದೇ ವರ್ಷ ಬ್ಲ್ಯಾಕ್‌ಪೂಲ್ ದಡಕ್ಕೆ ಬಡಿದು ಒಡೆದಿತ್ತು. ಆ ಹೆಸರಿನಲ್ಲೇ 1986ರವರೆಗೆ ಹುಡುಗ ಹುಡುಗಿಯರಿಗೆ ಕಡಲ ತರಬೇತಿ ಕೊಟ್ಟಿತು. 1987ರಲ್ಲಿ ಹಾರ್ಟ್ಲ್‌ಪೂಲ್‌ಗೆ ತಂದರು, 1992ರಲ್ಲಿ ಹಳೇ ಹೆಸರು ವಾಪಸ್ ಕೊಟ್ಟರು, 2001ರ ಹೊತ್ತಿಗೆ ರಿಪೇರಿ ಮುಗಿಯಿತು.

ಕದನದ ಕತೆ ಬೇಕೇ ಬೇಕು ಅನ್ನುವ ಹುಡುಗರು ಜೊತೆಗಿದ್ದರೆ ಇದೇ ವರ್ಗದ ಶ್ಯಾನನ್ ಕತೆ ಹೇಳಿ. ಅದರ ಕ್ಯಾಪ್ಟನ್ ಫಿಲಿಪ್ ಬ್ರೋಕ್ ತೋಪಿನ ಅಭ್ಯಾಸದ ಹುಚ್ಚ. ಸ್ವಂತ ದುಡ್ಡು ಹಾಕಿ ತೋಪುಗಳಿಗೆ ಗುರಿ ಹಿಡಿಯುವ ಸಾಧನ ಹಾಕಿಸಿದ್ದ. 1813ರ ಜೂನ್ 1ರಂದು ಬಾಸ್ಟನ್ ಹೊರಗೆ ಅಮೆರಿಕದ ಚೆಸಪೀಕ್ ಜೊತೆ ಕಾದಾಡಿದ. ಹದಿನೈದು ನಿಮಿಷದ ಒಳಗೆ ಮುಗಿಯಿತು. ಅಷ್ಟರಲ್ಲಿ ಎರಡೂ ಕಡೆ ಸೇರಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಗಾಯಗೊಂಡರು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಾಗಿ ಆ ಲೆಕ್ಕ ನನಗೆ ಮೈ ಜುಮ್ಮೆನಿಸುತ್ತದೆ. ಅಷ್ಟು ಜನಕ್ಕೆ ಇದ್ದದ್ದು ಒಬ್ಬಿಬ್ಬರು ವೈದ್ಯರು, ಅರಿವಳಿಕೆ ಇಲ್ಲದ ಕಾಲ.

ತೋಪಿನ ಡೆಕ್ಕಿನ ಹಿಂದೆ ಕ್ಯಾಪ್ಟನ್ ಕೋಣೆ. ಕಿಟಕಿ, ಬೆಳಕು, ಗಾಳಿ. ಅಲ್ಲಿಂದ ಕೆಳಗಿನ ಡೆಕ್ಕಿಗೆ ಇಳಿದು ನಾವಿಕರು ಮಲಗುತ್ತಿದ್ದ ಜಾಗ ನೋಡಿ. ಮುನ್ನೂರರ ಹತ್ತಿರ ಜನ. ಒಬ್ಬೊಬ್ಬರಿಗೆ ತೂಗುಹಾಸಿಗೆ ಕಟ್ಟಲು ಸಿಗುತ್ತಿದ್ದದ್ದು ಸುಮಾರು ಹದಿನಾಲ್ಕು ಇಂಚು ಅಗಲ. ನಿಮ್ಮ ಭುಜದ ಅಗಲ ಅಳೆದುಕೊಂಡು ನೋಡಿ. ಪಾಳಿ ಇದ್ದುದರಿಂದ ಅರ್ಧ ಜನ ಮೇಲೆ ಕೆಲಸದಲ್ಲಿ ಇರುತ್ತಿದ್ದರು, ಆದ್ದರಿಂದ ಹೇಗೋ ನಡೆಯುತ್ತಿತ್ತು.

ಡಂಡಿಯಲ್ಲಿ ಏನು ಹುಡುಕಬೇಕು

ನ್ಯೂಕಾಸಲ್‌ನಿಂದ ಎಡಿನ್‌ಬರೋ ದಾಟಿ ಹೋಗುವ ರೈಲು ಹಿಡಿಯಿರಿ. ಫೋರ್ತ್ ಸೇತುವೆ, ಆಮೇಲೆ ಟೇ ಸೇತುವೆ, ಎರಡನ್ನೂ ರೈಲು ದಾಟುತ್ತದೆ. ಸ್ಟೇಷನ್ ಎದುರಿಗೇ ಅಂಟಾರ್ಕ್ಟಿಕಾಕ್ಕೆ ಹೋಗಿ ಬಂದ ಡಿಸ್ಕವರಿ ಹಡಗು ನಿಂತಿದೆ. ಎಲ್ಲರೂ ಅದನ್ನು ನೋಡಿ ಸುಸ್ತಾಗಿ ಯೂನಿಕಾರ್ನ್ ಬಿಟ್ಟುಬಿಡುತ್ತಾರೆ. ನೀವು ಮೊದಲು ಯೂನಿಕಾರ್ನ್‌ಗೆ ಹೋಗಿ.

ಅದು 1824ರಲ್ಲಿ ಚಾಥಮ್‌ನಲ್ಲಿ ನೀರಿಗಿಳಿಯಿತು. ಯುದ್ಧ ಮುಗಿದು ಒಂಬತ್ತು ವರ್ಷವಾಗಿತ್ತು. ಹಾಯಿ ಕಂಬವನ್ನೇ ಹಾಕಲಿಲ್ಲ. ಮೇಲೆ ಒಂದು ಚಾವಣಿ ಕಟ್ಟಿ ಮೀಸಲು ಅಂತ ಇಟ್ಟರು. ಒಂದು ದಿನವೂ ಇದು ಹಾಯಿ ಬಿಚ್ಚಿ ಹೋಗಲಿಲ್ಲ. 1873ರಲ್ಲಿ ಮೀಸಲು ನಾವಿಕರ ತರಬೇತಿಗೆ ಅಂತ ಡಂಡಿಗೆ ಬಂತು, ಅಲ್ಲೇ ಉಳಿಯಿತು. 1968ರಲ್ಲಿ ಉಳಿಸಿಕೊಳ್ಳಲು ಒಂದು ಸಂಘ ಆಯಿತು.

ಆ ಚಾವಣಿಯನ್ನು ನೋಡಿ ನಗಬೇಡಿ. ಅದೇ ಈ ಹಡಗನ್ನು ಉಳಿಸಿದ್ದು. ಮಳೆನೀರು ಒಳಗೆ ಇಳಿಯಲಿಲ್ಲ, ಮರ ಕೊಳೆಯಲಿಲ್ಲ. ಹೆಚ್ಚುಕಮ್ಮಿ ಮೊದಲು ಕಟ್ಟಿದ ಮರವೇ ಇವತ್ತಿಗೂ ಇದೆ. ಓಕ್ ಆದರೂ ಉಳಿದಿದೆ ಅನ್ನೋದು ನನಗೆ ದೊಡ್ಡ ವಿಷಯ. ತೇಗದ ಅಕ್ಕನಿಗೆ ಮರದ ಬಲ ಇತ್ತು, ಓಕ್ ತಂಗಿಗೆ ಸೂರಿನ ಬಲ. ಮಾಮಾ ಇಲ್ಲಿ ಮಾತೇ ಆಡಲಿಲ್ಲ, ತೊಲೆಯಿಂದ ತೊಲೆಗೆ ಹೋಗಿ ಮರ ಕೂಡಿಸಿದ ಜಾಗ ನೋಡುತ್ತಿದ್ದರು. ರಿಪೇರಿಯಾಗದ ಹಡಗಿನಲ್ಲೇ ಕಟ್ಟಿದವನ ಕೈ ಕಾಣುತ್ತದೆ. ಎರಡರಲ್ಲಿ ಒಂದೇ ನೋಡಲು ಸಮಯ ಇದೆ ಅಂದರೆ, ಮಕ್ಕಳಿದ್ದರೆ ಹಾರ್ಟ್ಲ್‌ಪೂಲ್. ಬಡಗಿಯೋ ಎಂಜಿನಿಯರೋ ಆಗಿದ್ದರೆ ಕಣ್ಣುಮುಚ್ಚಿ ಡಂಡಿ.

ಇಲ್ಲಿ ಹುಡುಕಬೇಕಾದ್ದು ಕಬ್ಬಿಣ. ತೊಲೆ ಬಂದು ಹಡಗಿನ ಪಕ್ಕೆಗೆ ಸೇರುವ ಮೂಲೆ ನೋಡಿ. ಹಿಂದೆ ಆ ಮೂಲೆಗೆ ಸಹಜವಾಗಿಯೇ ಬಾಗಿ ಬೆಳೆದ ಓಕ್ ಕೊಂಬೆ ಬೇಕಿತ್ತು. ಅಂಥ ಡೊಂಕು ಮರ ಕಾಡಿನಲ್ಲಿ ಹುಡುಕಿ ತರುವುದು ಕಷ್ಟ, ಯುದ್ಧದ ವರ್ಷಗಳಲ್ಲಿ ಮುಗಿದೇ ಹೋಗಿತ್ತು. ನೌಕಾಪಡೆಯ ಮುಖ್ಯ ವಿನ್ಯಾಸಕಾರ ರಾಬರ್ಟ್ ಸೆಪ್ಪಿಂಗ್ಸ್ ಆ ಜಾಗಕ್ಕೆ ಕಬ್ಬಿಣದ ಆಸರೆ ತಂದ. ಪಕ್ಕೆಗಳ ಮೇಲೆ ಓರೆಯಾಗಿ ಹಾಯುವ ಪಟ್ಟಿಗಳನ್ನೂ ಹಾಕಿಸಿದ. ನಾಲ್ಕು ಕೋಲು ಸೇರಿಸಿ ಚೌಕ ಮಾಡಿದರೆ ತಳ್ಳಿದ ಕಡೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಒಂದು ಕೋಲು ಬಡಿದರೆ ಅಲ್ಲಾಡುವುದಿಲ್ಲ. ಅಷ್ಟೇ ತತ್ವ. ಉದ್ದದ ಮರದ ಹಡಗಿನ ಎರಡು ತುದಿ ಕಾಲಕ್ರಮೇಣ ಜೋಲುತ್ತವೆ, ಬೆನ್ನು ಮೇಲೇಳುತ್ತದೆ. ಈ ಓರೆ ಪಟ್ಟಿ ಅದನ್ನು ತಡೆಯುತ್ತದೆ.

ಹಿಂಬದಿಗೂ ಹೋಗಿ ನೋಡಿ. ದುಂಡಗಿದೆ. ಹಳೇ ಹಡಗುಗಳ ಹಿಂಬದಿ ಚಪ್ಪಟೆ, ತುಂಬಾ ಗಾಜು, ನೋಡಲು ಚೆಂದ. ಆದರೆ ಶತ್ರು ಹಿಂದಿನಿಂದ ಗುಂಡು ಹಾರಿಸಿದರೆ ಗಾಜು ಒಡೆದು ಗುಂಡು ಈ ತುದಿಯಿಂದ ಆ ತುದಿವರೆಗೆ ಜನರನ್ನು ಸೀಳಿಕೊಂಡು ಹೋಗುತ್ತಿತ್ತು. ಸೆಪ್ಪಿಂಗ್ಸ್ ದಪ್ಪ ಮರದ ದುಂಡು ಹಿಂಬದಿ ಕಟ್ಟಿದ, ಹಿಂದಕ್ಕೂ ತೋಪು ಹಾರಿಸಲು ಜಾಗ ಕೊಟ್ಟ. ಅಧಿಕಾರಿಗಳಿಗೆ ಇಷ್ಟವಾಗಲಿಲ್ಲ, ಕುರೂಪಿ ಅಂತ ಬೈದರು. ಅವರ ಕೋಣೆಯ ಕಿಟಕಿಯ ಅಂದ ಹೋಯಿತಲ್ಲ, ಅದಕ್ಕೆ. ಆಮೇಲೆ ಬಂದದ್ದು ರಾಜಿಯ ಆಕಾರ, ಮೊಟ್ಟೆಯಂತೆ ಉದ್ದ ದುಂಡು. ಟ್ರಿಂಕೋಮಲೀಗೆ 1845ರಲ್ಲಿ ಕೊಟ್ಟದ್ದು ಅದೇ. ಎರಡರ ಹಿಂಬದಿಯ ಫೋಟೋ ಪಕ್ಕಪಕ್ಕ ಇಟ್ಟು ನೋಡಿ.

ಹೋಗುವಾಗ

ಎರಡರಲ್ಲೂ ಮೆಟ್ಟಿಲು ಕಡಿದು. ಸೀರೆ, ಲುಂಗಿ ಬೇಡ. ಹಿರಿಯರು ಇಳಿಯುವಾಗ ಮುಖ ಮೆಟ್ಟಿಲ ಕಡೆಗೇ ಇರಲಿ, ಏಣಿ ಇಳಿದಂತೆ. ಮಂಡಿ ನೋವಿರುವವರಿಗೆ ತೋಪಿನ ಡೆಕ್ ಸಾಕು, ಕೆಳಗೆ ಎಳೆದುಕೊಂಡು ಹೋಗಬೇಡಿ. ಎತ್ತರದವರು ಪ್ರತಿ ತೊಲೆಗೂ ತಲೆ ಬಗ್ಗಿಸಬೇಕು. ಡಂಡಿಯ ಹಡಗಿನೊಳಗೆ ಬೇಸಿಗೆಯಲ್ಲೂ ಚಳಿ, ಸ್ವೆಟರ್ ಇರಲಿ. ಊಟದ ಡಬ್ಬಿ ಕಟ್ಟಿಕೊಳ್ಳಿ. ನಾನು ಒಗ್ಗರಣೆ ಅವಲಕ್ಕಿ ಒಯ್ಯುತ್ತೇನೆ, ತಣ್ಣಗಾದರೂ ತಿನ್ನಬಹುದು.

ಲಂಡನ್ನಿನಲ್ಲಿ ಇಳಿಯುವವರಿಗೆ ಒಂದು ಹೆಚ್ಚುವರಿ ಸಲಹೆ. ಮುಂಬಯಿಯಲ್ಲೇ ತೇಗದಿಂದ ಕಟ್ಟಿ 1819ರಲ್ಲಿ ನೀರಿಗಿಳಿಸಿದ ಇನ್ನೊಂದು ಫ್ರಿಗೇಟ್ ಇತ್ತು, ಹೆಸರು ಸೆರಿಂಗಪಟಂ. ನಮ್ಮ ಶ್ರೀರಂಗಪಟ್ಟಣವೇ. ಲೀಡಾ ವರ್ಗದ್ದಲ್ಲ, ಬೇರೆ ಫ್ರೆಂಚ್ ನಕ್ಷೆಯದು. ಹಡಗನ್ನು 1873ರಲ್ಲಿ ಒಡೆದರು. ಆದರೆ ಅದರ ಮೂತಿಯ ಗೊಂಬೆ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂ ಸಂಗ್ರಹದಲ್ಲಿದೆ: ದೊಡ್ಡ ಹಕ್ಕಿಯ ಮೇಲೆ ಕೂತು ಛತ್ರಿ ಹಿಡಿದ ಟಿಪ್ಪು ಸುಲ್ತಾನ. ಸೋಲಿಸಿದವರೇ ಸೋತವನನ್ನು ತಮ್ಮ ಹಡಗಿನ ಮುಂದೆ ಕೂರಿಸಿಕೊಂಡು ತಿರುಗಿದರು! ಮೈಸೂರು ಕಡೆಯವರನ್ನು ನಾನು ಇಲ್ಲಿಗೆ ಮೊದಲು ಕಳಿಸುತ್ತೇನೆ. ಹೋದ ದಿನ ಪ್ರದರ್ಶನಕ್ಕೆ ಇದೆಯಾ ಅಂತ ಮಾತ್ರ ಮುಂಚೆ ವಿಚಾರಿಸಿ.

ಹ್ಯಾಂಪ್‌ಷೈರ್ ಕಡೆ ಕಾರಲ್ಲಿ ಹೋಗುವವರು ವಿಕಮ್ ಅನ್ನುವ ಹಳ್ಳಿಯಲ್ಲಿ ನಿಲ್ಲಿಸಿ. ಶ್ಯಾನನ್ ಹಿಡಿದು ತಂದ ಚೆಸಪೀಕ್ ಹಡಗನ್ನು ಒಡೆದಾಗ ಅದರ ಮರ ಮಾರಾಟಕ್ಕೆ ಬಂತು. ಆ ತೊಲೆಗಳಿಂದ 1820ರಲ್ಲಿ ಅಲ್ಲೊಂದು ಹಿಟ್ಟಿನ ಗಿರಣಿ ಕಟ್ಟಿದರು. ಗಿರಣಿ ಈಗಲೂ ನಿಂತಿದೆ.

ಡಂಡಿಗೆ ಟಿಕೆಟ್ ತೆಗೆಸುವ ಮೊದಲು ಹಡಗಿನ ವೆಬ್‌ಸೈಟ್ ನೋಡಿ. ಯೂನಿಕಾರ್ನ್ ಅನ್ನು ಒಣ ಹಡಗುಕಟ್ಟೆಗೆ ಸಾಗಿಸಿ ದುರಸ್ತಿ ಮಾಡುವ ದೊಡ್ಡ ಯೋಜನೆ ಹಾಕಿಕೊಂಡಿದ್ದಾರೆ. ಕೆಲಸ ನಡೆಯುವಾಗ ಕೆಲವು ಡೆಕ್ ಮುಚ್ಚಿರಬಹುದು. ಕೆಳಗಿನ ಡೆಕ್ ಮುಚ್ಚಿದ್ದರೆ ಪ್ರಯಾಣ ಮುಂದಕ್ಕೆ ಹಾಕಿ, ಕಬ್ಬಿಣದ ಆಸರೆ ಕಾಣದಿದ್ದರೆ ಅಷ್ಟು ದೂರ ಹೋಗಿ ಉಪಯೋಗ ಇಲ್ಲ.